ಬಸವಣ್ಣ ‘ಕರ್ನಾಟಕದ ಲೂಥರ್’ ಅಲ್ಲ

ಇವತ್ತಿನ ವಿಚಾರ ಸಂಕಿರಣದಲ್ಲಿ ಮತ್ತೆ ಅದೇ ಮಾತು: “ಬಸವಣ್ಣ ಕರ್ನಾಟಕದ ಮಾರ್ಟಿನ್ ಲೂಥರ್.” ಸಭೆ ಚಪ್ಪಾಳೆ ತಟ್ಟಿತು. ನನಗೆ ಮೈಯೆಲ್ಲ ಉರಿಯಿತು. ವರ್ಷಗಟ್ಟಲೆ ತತ್ತ್ವಶಾಸ್ತ್ರ ಪಾಠ ಮಾಡಿದವನ ಸಂಕಟ ಇದು, ನಿಮಗೆ ಗೊತ್ತೇ ಇದೆ.

ಜರ್ಮನಿಯ ಕ್ರೈಸ್ತ ಧರ್ಮಸುಧಾರಕ ಲೂಥರ್ ಚರ್ಚಿಗೆ ಸವಾಲು ಹಾಕಿದ್ದು 1517ರಲ್ಲಿ. ಶರಣರು ಹನ್ನೆರಡನೇ ಶತಮಾನದವರು. ಯಾರು ಮೊದಲು ಎನ್ನುವುದು ನನ್ನ ತಕರಾರಲ್ಲ. ಲೂಥರನನ್ನು ‘ಜರ್ಮನಿಯ ಬಸವಣ್ಣ’ ಎಂದರೂ ನಾನು ಒಪ್ಪುವುದಿಲ್ಲ. ಹೀಗೆ ಹೆಸರಿಗೆ ಹೆಸರು ಗಂಟುಹಾಕಿದ ಕೂಡಲೇ ಇಬ್ಬರ ಮಾತನ್ನೂ ಕೇಳುವುದು ನಿಂತುಹೋಗುತ್ತದೆ.

ದುಡಿಮೆಯ ವಿಷಯವನ್ನೇ ನೋಡಿ. ಚಮ್ಮಾರನೂ ಪಾದ್ರಿಯೂ ದೇವರ ಮುಂದೆ ಒಂದೇ ಎಂದ ಲೂಥರ್, ಮುಕ್ತಿ ಮಾತ್ರ ವಿಶ್ವಾಸದಿಂದಲೇ ಹೊರತು ಮಾಡಿದ ಕೆಲಸದಿಂದಲ್ಲ ಎಂದು ಹಟ ಹಿಡಿದ. ಚೆಲ್ಲಿದ ಅಕ್ಕಿ ಆಯ್ದು ಬದುಕುತ್ತಿದ್ದ ಶರಣ ಆಯ್ದಕ್ಕಿ ಮಾರಯ್ಯನಿಗೆ ಕಾಯಕವೇ ಕೈಲಾಸ. ಅದರಲ್ಲಿ ನಿರತನಾಗಿದ್ದರೆ ಗುರುದರ್ಶನವನ್ನೂ ಮರೆಯಬೇಕು. ಅಂಥವನು ಒಂದು ದಿನ ಅಕ್ಕಿ ಹೆಚ್ಚಾಗಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಮನೆಯೊಳಗೆ ಸೇರಿಸಲಿಲ್ಲ. ಇಷ್ಟೊಂದು ಅಕ್ಕಿಯ ಆಸೆ ನಿಮಗೇಕೆ, ಅಲ್ಲೇ ಸುರಿದು ಬನ್ನಿ ಎಂದಳು. ಈ ಲಕ್ಕಮ್ಮನನ್ನೂ ಲೂಥರನನ್ನೂ ಎದುರುಬದುರು ಕೂರಿಸಿದರೆ ಎಂಥ ಮಾತುಕತೆ ನಡೆದೀತು! 1525ರಲ್ಲಿ ರೈತರು ದಂಗೆ ಎದ್ದಾಗ ದೊರೆಗಳ ಪರ ನಿಂತದ್ದೇಕೆ ಎಂದು ಅವಳು ಕೇಳದೆ ಬಿಡುತ್ತಿದ್ದಳೇ?

ಲೂಥರನೂ ನಮ್ಮನ್ನು ಸುಮ್ಮನೆ ಬಿಡುವವನಲ್ಲ. ದುಡಿಯಲಾರದವನ ಗತಿಯೇನು? ಅಪ್ಪ ಹಾಸಿಗೆ ಹಿಡಿದಿದ್ದಾಗ, “ನನ್ನಿಂದ ಇನ್ನೇನು ಉಪಯೋಗ” ಎಂದು ಅವರು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ಕಾಯಕದ ಬಗ್ಗೆ ಭಾಷಣ ಮಾಡುತ್ತಿದ್ದ ನನಗೆ ಉತ್ತರ ಹೊಳೆಯಲಿಲ್ಲ. ದೇವರ ಕೃಪೆಗೆ ಯೋಗ್ಯತೆಯ ಲೆಕ್ಕವಿಲ್ಲ ಎಂಬ ಲೂಥರನ ಮಾತು ಆಗ ನನ್ನ ಎದೆಗೆ ತಾಕಿತು. ದುಡಿದದ್ದನ್ನು ಎಲ್ಲರೊಡನೆ ಹಂಚಿಕೊಳ್ಳುವ ಶರಣರ ದಾಸೋಹ ತತ್ತ್ವವನ್ನು ಮತ್ತೆ ಓದಲು ನನ್ನನ್ನು ಹಚ್ಚಿದ್ದೂ ಅದೇ.

“ಹೊರಗಿನವರಿಗೆ ಪರಿಚಯಿಸಲು ಒಂದು ಗುರುತು ಬೇಡವೇ ಸಾರ್?” ಎಂದು ಕೇಳುತ್ತಾರೆ. ಬೇಡ. ಆ ಗುರುತು ಸಿಕ್ಕಿದ ಜರ್ಮನ್ ಅತಿಥಿ ಬಸವಣ್ಣ ಅರ್ಥವಾದರು ಎಂದುಕೊಂಡೇ ಊರಿಗೆ ಮರಳುತ್ತಾನೆ. ಒಂದು ವಚನವನ್ನೂ ತೆರೆಯುವುದಿಲ್ಲ. 1920ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದ ಬ್ರಜೇಂದ್ರನಾಥ ಸೀಲ್ ಅವರು 1899ರಲ್ಲೇ ವೈಷ್ಣವ ಮತ್ತು ಕ್ರೈಸ್ತ ಧರ್ಮಗಳನ್ನು ಹೋಲಿಸುತ್ತಾ, ಎರಡನ್ನೂ ಸರಿಸಮನಾಗಿ ಇಟ್ಟು ನೋಡಬೇಕು ಎಂದಿದ್ದರು. ನಾವಿನ್ನೂ ಒಬ್ಬರನ್ನು ಅಳತೆಗೋಲು ಮಾಡಿ ಇನ್ನೊಬ್ಬರನ್ನು ಅಳೆಯುತ್ತಿದ್ದೇವೆ.

ಸಂಘಟಕ ಮಿತ್ರರೇ, ಮುಂದಿನ ಸಲ ಹಾರ, ಶಾಲು, ಭಾಷಣ ಎಲ್ಲ ಬಿಡಿ. ಲಕ್ಕಮ್ಮನ ನಾಲ್ಕು ವಚನ, ಲೂಥರನ ನಾಲ್ಕು ಪುಟ ಮುಂದಿಟ್ಟುಕೊಂಡು ಒಂದು ಇಡೀ ದಿನ ಕೂತು ಓದೋಣ. ನಾನು ಸ್ವಂತ ಖರ್ಚಿನಲ್ಲಿ ಬರುತ್ತೇನೆ.