ಮಕ್ಕಳ ಆನ್‌ಲೈನ್ ಲೋಕದಲ್ಲಿ ಅವರನ್ನು ಮಾತಾಡಿಸುವವರು ಯಾರು?

ಎಂಟರಿಂದ ಹನ್ನೆರಡು ವರ್ಷದ ಮಕ್ಕಳಿರುವ ಮನೆಗಳಲ್ಲಿ ಆನ್‌ಲೈನ್ ಆಟಗಳ ಮಾತು ಬಂದಾಗಲೆಲ್ಲ ಚರ್ಚೆ ಗಡಿಯಾರವನ್ನೇ ಸುತ್ತುತ್ತದೆ. ದಿನಕ್ಕೆ ಅರ್ಧ ಗಂಟೆ ಕೊಡಬೇಕೇ, ಒಂದು ಗಂಟೆಯೇ, ಪರೀಕ್ಷೆ ಹತ್ತಿರ ಬಂದಾಗ ಪೂರ್ತಿ ನಿಲ್ಲಿಸಬೇಕೇ ಎಂಬುದರಾಚೆಗೆ ಮಾತು ಹೋಗುವುದು ಅಪರೂಪ. ಆ ಪ್ರಶ್ನೆಗಳು ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಮಕ್ಕಳು ಸೇರಿ ಆಡುವ, ಮಾತಾಡುವ ರೋಬ್ಲಾಕ್ಸ್‌ನಂಥ ಆನ್‌ಲೈನ್ ಲೋಕದೊಳಕ್ಕೆ ಮಗುವನ್ನು ಬಿಡುವಾಗ ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಬೇರೆಯೇ ಇದೆ ಎಂದು ನನ್ನ ಅಭಿಪ್ರಾಯ: ಅಲ್ಲಿ ನನ್ನ ಮಗುವನ್ನು ಯಾರು ಯಾರು ಮಾತಾಡಿಸಬಹುದು, ಆ ಮಾತುಕತೆಯ ಮೇಲೆ ಯಾರ ಕಣ್ಣಿರುತ್ತದೆ?

ಈ ವಯಸ್ಸಿನ ಮಕ್ಕಳಿಗೆ ಇಂಥ ಲೋಕಗಳು ಏಕೆ ಇಷ್ಟು ಹಿಡಿಸುತ್ತವೆ ಎಂಬುದನ್ನು ನಾವು ಅರ್ಥಮಾಡಿಕೊಳ್ಳಬೇಕು. ಬೊಂಬೆಯಾಟ ಬಿಟ್ಟಾಗಿದೆ, ದೊಡ್ಡವರ ಗುಂಪು ಇನ್ನೂ ಸೇರಿಸಿಕೊಂಡಿಲ್ಲ; ಅಪ್ಪ ಅಮ್ಮ ತೋರಿಸಿದ್ದಲ್ಲದ, ತಾನೇ ಆರಿಸಿಕೊಂಡ ಒಂದು ಜಾಗ ತನಗೂ ಇರಬೇಕು ಎನಿಸುವ ವಯಸ್ಸದು. ತನ್ನದೇ ಅವತಾರ್ (ಆಟದೊಳಗೆ ತಾನಾಗಿ ಓಡಾಡುವ ಪಾತ್ರ), ತಾನು ಅಲಂಕರಿಸಿದ ಮನೆ, ತಾನು ಸಾಕಿದ ಪ್ರಾಣಿ, ತಾನು ಕಟ್ಟಿದ ಆಟವನ್ನು ಆಡಲು ಬರುವ ಬೇರೆ ಮಕ್ಕಳು: ಇದರಲ್ಲಿ ನಿಜವಾದ ಕಲಿಕೆಯೂ ಇದೆ, ನಿಜವಾದ ಸ್ನೇಹವೂ ಇದೆ. ತರಗತಿಯಲ್ಲಿ ಬಾಯಿ ಬಿಡದ ಮಗು ಅಲ್ಲಿ ನಾಲ್ಕು ಜನರನ್ನು ಸೇರಿಸಿ ಆಟ ನಡೆಸುವುದನ್ನು ನೋಡಿದವರು ಇದನ್ನು ಅಲ್ಲಗಳೆಯಲಾರರು. ಆದ್ದರಿಂದ ಎಲ್ಲವನ್ನೂ ಮುಚ್ಚಿಬಿಡಿ ಎನ್ನುವವರ ಜೊತೆ ನಾನಿಲ್ಲ. ಇಂಟರ್‌ನೆಟ್ ಎಂದ ಮೇಲೆ ಇದೆಲ್ಲ ಇದ್ದದ್ದೇ ಎಂದು ಕೈಚೆಲ್ಲುವವರ ಜೊತೆಗಂತೂ ಖಂಡಿತ ಇಲ್ಲ.

ಸುರಕ್ಷತೆ ಸಾಧ್ಯವೇ ಇಲ್ಲ ಎನ್ನುವವರು ಕ್ಲಬ್ ಪೆಂಗ್ವಿನ್ನಿನ ಕಥೆಯನ್ನು ಒಮ್ಮೆ ಗಮನಿಸಬೇಕು. ಕೆನಡಾದ ಕೆಲೋನಾದಲ್ಲಿದ್ದ ಒಂದು ಚಿಕ್ಕ ಕಂಪನಿ 2005ರ ಅಕ್ಟೋಬರ್‌ನಲ್ಲಿ ಅದನ್ನು ಆರಂಭಿಸಿತು. ಮಕ್ಕಳು ಬಣ್ಣಬಣ್ಣದ ಪೆಂಗ್ವಿನ್‌ಗಳಾಗಿ ಹಿಮದ ದ್ವೀಪವೊಂದರಲ್ಲಿ ಓಡಾಡುತ್ತಿದ್ದರು. ಅಲ್ಲಿ ಎರಡು ಬಗೆಯ ಚಾಟ್ ಇತ್ತು. ಒಂದರಲ್ಲಿ ಮಗು ಮೊದಲೇ ಬರೆದಿಟ್ಟ ವಾಕ್ಯಗಳಿಂದ ಒಂದನ್ನು ಆರಿಸಿ ಹೇಳಬಹುದಿತ್ತೇ ಹೊರತು ಸ್ವಂತವಾಗಿ ಏನನ್ನೂ ಟೈಪ್ ಮಾಡುವಂತಿರಲಿಲ್ಲ. ಇನ್ನೊಂದರಲ್ಲಿ ಟೈಪ್ ಮಾಡಬಹುದಿತ್ತು, ಆದರೆ ಪ್ರತಿ ಮಾತೂ ಫಿಲ್ಟರ್ ದಾಟಿಯೇ ಹೋಗಬೇಕಿತ್ತು. ಫಿಲ್ಟರ್ ಒಪ್ಪದ ಮಾತು ಬರೆದವರ ಪರದೆಯ ಮೇಲೆ ಮಾತ್ರ ಕಾಣುತ್ತಿತ್ತು, ಎದುರಿನವರಿಗೆ ತಲುಪುತ್ತಲೇ ಇರಲಿಲ್ಲ. ಬೈಗುಳ ಬಳಸಿದರೆ ಖಾತೆಯನ್ನು ಕೆಲಕಾಲ ಮುಚ್ಚಲಾಗುತ್ತಿತ್ತು. ಇದರ ಮೇಲೆ, ಸಂಬಳ ಪಡೆದು ನಿಗಾ ಇಡುವ ಮಾಡರೇಟರ್‌ಗಳಿದ್ದರು. ಹೊರಗಿನ ಜಾಹೀರಾತು ಇರಲಿಲ್ಲ. ತಂದೆ ತಾಯಿ ಕಟ್ಟುವ ಸದಸ್ಯತ್ವದ ಹಣದಿಂದ ಇಡೀ ವ್ಯವಸ್ಥೆ ನಡೆಯುತ್ತಿತ್ತು. ಇಷ್ಟು ಬಿಗಿ ಇದ್ದರೂ ಮಕ್ಕಳು ಬರುವುದು ನಿಲ್ಲಲಿಲ್ಲ. 2007ರಲ್ಲಿ ಡಿಸ್ನಿ ಅದನ್ನು 35 ಕೋಟಿ ಡಾಲರ್ ಕೊಟ್ಟು ಕೊಂಡುಕೊಂಡಿತು ಎಂಬುದೇ ಅದರ ಜನಪ್ರಿಯತೆಗೆ ಸಾಕ್ಷಿ.

2017ರ ಮಾರ್ಚ್ 30ರಂದು ಆ ಲೋಕ ಮುಚ್ಚಿತು. ನನ್ನನ್ನು ಹೆಚ್ಚು ಕಾಡುವುದು ಅದರ ನಂತರ ನಡೆದದ್ದು. ಅದನ್ನು ಮರೆಯಲಾರದವರು ಅನುಮತಿಯಿಲ್ಲದೆ ಅದರ ನಕಲುಗಳನ್ನು ಕಟ್ಟಿ ನಡೆಸತೊಡಗಿದರು. ಅಂಥದೊಂದು ನಕಲಿನಲ್ಲಿ ಜನಾಂಗೀಯ ನಿಂದನೆಯೂ ಲೈಂಗಿಕ ಸಂದೇಶಗಳೂ ಹರಿದಾಡುತ್ತಿರುವುದನ್ನು 2020ರ ಮೇ ತಿಂಗಳಲ್ಲಿ ಬಿಬಿಸಿ ಬಯಲಿಗೆಳೆದ ಮೇಲೆ ಡಿಸ್ನಿ ಅದನ್ನು ಮುಚ್ಚಿಸಿತು. ಅದೇ ಪೆಂಗ್ವಿನ್‌ಗಳು, ಅದೇ ಹಿಮ, ಅದೇ ಮುದ್ದಾದ ಚಿತ್ರಗಳು. ಬದಲಾಗಿದ್ದದ್ದು ಕಾವಲು ಮಾತ್ರ. ಆ್ಯಪ್‌ನ ಬಣ್ಣ, ಗೊಂಬೆಯಂಥ ಪಾತ್ರಗಳು, ಅಂಗಡಿಯಲ್ಲಿ ಮಾರುವ ಅದರ ಆಟಿಕೆಗಳು, ಇವನ್ನೆಲ್ಲ ನೋಡಿ ಇದು ಮಕ್ಕಳದ್ದು, ಭಯವಿಲ್ಲ ಎಂದು ನಿರ್ಧರಿಸುವ ಪಾಲಕರು ಈ ಒಂದು ಪ್ರಸಂಗವನ್ನು ನೆನಪಿಡಬೇಕು.

ಹಾಗೆಂದು ಫಿಲ್ಟರ್ ಒಂದೇ ಕಾಪಾಡುತ್ತದೆ ಎಂದೂ ಅಲ್ಲ. ಡಿಸ್ನಿಯದೇ ಟೂನ್‌ಟೌನ್ ಎಂಬ ಆಟ 2003ರಲ್ಲಿ ಬಂದಾಗ ಅಲ್ಲಿಯೂ ಸಿದ್ಧ ವಾಕ್ಯಗಳ ಚಾಟ್ ಇತ್ತು. ಹೊರಗೆ ಪರಿಚಯವಿರುವವರು ಮಾತ್ರ ರಹಸ್ಯ ಸಂಕೇತವೊಂದನ್ನು ಹಂಚಿಕೊಂಡು ಮುಕ್ತವಾಗಿ ಮಾತಾಡಬಹುದು ಎಂಬುದು ಅದರ ಲೆಕ್ಕಾಚಾರ. ಮಕ್ಕಳು ಆಟದೊಳಗಿನ ತಮ್ಮ ಮನೆಗಳಲ್ಲಿ ಸಾಮಾನುಗಳನ್ನು ಅಕ್ಷರ, ಅಂಕಿಗಳ ಆಕಾರದಲ್ಲಿ ಜೋಡಿಸಿ ಆ ಸಂಕೇತವನ್ನೂ ಅಪರಿಚಿತರಿಗೆ ದಾಟಿಸಿಬಿಟ್ಟರು. ಮಕ್ಕಳ ಜಾಣತನವನ್ನು ಮೆಚ್ಚಲೇಬೇಕು. ಆದರೆ ಮಗುವಿಗೆ ಹೊಳೆಯುವ ಉಪಾಯ ಕೆಟ್ಟ ಉದ್ದೇಶದ ವಯಸ್ಕನಿಗೂ ಹೊಳೆಯುತ್ತದೆ.

ಅದರ ಪರಿಣಾಮ ಎಂಥದ್ದೆಂಬುದನ್ನು ಹ್ಯಾಬೊ ಹೋಟೆಲ್ ತೋರಿಸಿಕೊಟ್ಟಿತು. ಫಿನ್ಲೆಂಡಿನ ಸುಲಾಕೆ ಕಂಪನಿ ನಡೆಸುತ್ತಿದ್ದ ಈ ಲೋಕ ಹದಿಹರೆಯದವರಿಗೆಂದು ಕಟ್ಟಿದ್ದು. 2012ರ ಜೂನ್‌ನಲ್ಲಿ ಬ್ರಿಟನ್ನಿನ ಚಾನೆಲ್ 4 ನ್ಯೂಸ್‌ನವರೊಬ್ಬರು 11 ವರ್ಷದ ಹುಡುಗಿಯೆಂದು ಹೇಳಿಕೊಂಡು ಅದರೊಳಗೆ ಹೋದಾಗ, ಎರಡೇ ನಿಮಿಷಗಳಲ್ಲಿ ಎದುರಿನವರ ಮಾತು ಲೈಂಗಿಕ ವಿಷಯಕ್ಕೆ ತಿರುಗಿತ್ತು. ವರದಿ ಪ್ರಸಾರವಾದ ಮೇಲೆ ಹೂಡಿಕೆದಾರರು ಹಿಂದೆ ಸರಿದರು, ಕಂಪನಿ ಇಡೀ ಹೋಟೆಲಿನ ಚಾಟ್ ಅನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಅಪಾಯ ಯಾರಿಗೂ ಗೊತ್ತಿರಲಿಲ್ಲ ಎನ್ನುವಂತೆಯೂ ಇರಲಿಲ್ಲ. ಅದಕ್ಕೂ ಮೊದಲೇ, 2009ರ ಡಿಸೆಂಬರ್‌ನಲ್ಲಿ, ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 27 ಆನ್‌ಲೈನ್ ಲೋಕಗಳನ್ನು ಪರಿಶೀಲಿಸಿ ಅವುಗಳಲ್ಲಿ 19ರಲ್ಲಿ ಲೈಂಗಿಕ ಅಥವಾ ಹಿಂಸಾತ್ಮಕ ವಿಷಯ ಕಂಡುಬಂದಿದೆ ಎಂದು ಅಲ್ಲಿನ ಸಂಸತ್ತಿಗೆ ವರದಿ ಕೊಟ್ಟಿತ್ತು.

ಇಷ್ಟೆಲ್ಲ ತಿಳಿದ ಮೇಲೂ ಇಂದಿನ ಲೋಕಗಳು ಏಕೆ ಸಡಿಲವಾಗಿವೆ? ನನಗೆ ಕಾಣುವ ಮುಖ್ಯ ಕಾರಣ ಹಣ ಬರುವ ದಾರಿ ಬದಲಾದದ್ದು. ಸದಸ್ಯತ್ವಕ್ಕೆ ಹಣ ಕಟ್ಟುವ ತಾಯಿಗೆ ನಂಬಿಕೆ ಹುಟ್ಟಿಸುವುದು ಹಿಂದಿನ ಕಂಪನಿಗೆ ಅನಿವಾರ್ಯವಾಗಿತ್ತು, ಏಕೆಂದರೆ ಆಕೆಯೇ ಗಿರಾಕಿ. ಈಗಿನ ಲೋಕಗಳು ಉಚಿತವಾಗಿ ತೆರೆದುಕೊಳ್ಳುತ್ತವೆ. ಒಳಗೆ ಹೋದ ಮೇಲೆ ಅಂಗಿಗೊಂದು, ಕೂದಲಿಗೊಂದು, ಸಾಕುಪ್ರಾಣಿಗೊಂದು ಎಂಬಂತೆ ಚಿಲ್ಲರೆ ಚಿಲ್ಲರೆಯಾಗಿ ಮಗುವೇ ಖರ್ಚು ಮಾಡುತ್ತದೆ. ಮಗು ಹೆಚ್ಚು ಹೊತ್ತು ಒಳಗಿರಬೇಕು, ಅದಕ್ಕಾಗಿ ಹೆಚ್ಚು ಜನರ ಜೊತೆ ಬೆರೆಯಬೇಕು. ಮಾತಿಗೆ ಕಡಿವಾಣ ಹಾಕುವುದು ಇಂಥ ವ್ಯಾಪಾರಕ್ಕೆ ನಷ್ಟದ ಬಾಬತ್ತು. ಫೋರ್ಟ್‌ನೈಟ್ ಎಂಬ ಆನ್‌ಲೈನ್ ಆಟವನ್ನು ನಡೆಸುವ ಎಪಿಕ್ ಗೇಮ್ಸ್ 2022ರ ಡಿಸೆಂಬರ್‌ನಲ್ಲಿ ಒಟ್ಟು 52 ಕೋಟಿ ಡಾಲರ್ ಕೊಡಲು ಒಪ್ಪಿದ ಪ್ರಕರಣದಲ್ಲಿ ಎರಡೂ ಆರೋಪಗಳು ಒಟ್ಟಿಗೇ ಇದ್ದವು: ಗೊತ್ತಾಗದಂತೆ ಹಣ ಖರ್ಚು ಮಾಡಿಸುವ ಬಟನ್‌ಗಳ ವಿನ್ಯಾಸ ಒಂದು, ಮಕ್ಕಳಿಗೂ ಧ್ವನಿ ಮತ್ತು ಅಕ್ಷರದ ಚಾಟ್ ತಾನಾಗಿಯೇ ಆನ್ ಆಗಿರುತ್ತಿದ್ದದ್ದು ಇನ್ನೊಂದು.

ಇತ್ತೀಚೆಗೆ ಅಕ್ಕನ ಮಗಳು ಆಡುವಾಗ ಪಕ್ಕದಲ್ಲಿ ಕೂತು ನೋಡಿದೆ. ಅವಳಿಗೆ ಹತ್ತು ವರ್ಷ. ಆಟದಲ್ಲಿ ಅವಳದೊಂದು ಹೂವಿನಂಗಡಿ ಇದೆ. ಟೋಪಿ ಹಾಕಿದ ಅವತಾರ್ ಒಂದು ಬಂದು ಹೂವು ಕೊಂಡು, ಅಂಗಡಿಯನ್ನು ಹೊಗಳಿ, ನಿನಗೆಷ್ಟು ವರ್ಷ ಎಂದು ಕೇಳಿತು. ಅವಳು ಅಂಕಿ ಟೈಪ್ ಮಾಡಿದಳು, ಫಿಲ್ಟರ್ ಅದನ್ನು ಅಳಿಸಿ ಬರೀ ಗೆರೆಗಳನ್ನು ತೋರಿಸಿತು. ಕೂಡಲೇ ಆ ಕಡೆಯಿಂದ ಬಂದ ಮಾತು: ಎರಡು ಕೈಯ ಬೆರಳೆಲ್ಲ ಎಣಿಸಿದರೆ ಅಷ್ಟಾ? ಅವಳು ಹೌದೆಂದಳು. ಯಾರಮ್ಮ ಅದು ಎಂದು ಕೇಳಿದೆ. “ನನ್ನ ಫ್ರೆಂಡ್ ಚಿಕ್ಕಮ್ಮ, ದಿನಾ ಬರ್ತಾರೆ, ಕಾಯಿನ್ ಎಲ್ಲಾ ಗಿಫ್ಟ್ ಕೊಡ್ತಾರೆ” ಎಂದಳು, ಕಣ್ಣು ಪರದೆಯಿಂದ ತೆಗೆಯದೆ. ಆ ಕಡೆ ಇದ್ದದ್ದು ಅವಳಂಥದೇ ಇನ್ನೊಂದು ಮಗು ಇರಬಹುದು. ಇಲ್ಲದೆಯೂ ಇರಬಹುದು. ತಿಳಿಯುವ ದಾರಿ ನನಗಿರಲಿಲ್ಲ, ಹತ್ತು ವರ್ಷದ ಅವಳಿಗಂತೂ ಇರಲು ಸಾಧ್ಯವೇ ಇಲ್ಲ.

ಮಕ್ಕಳನ್ನು ಬಲೆಗೆ ಬೀಳಿಸುವವರು ಮೊದಲ ದಿನವೇ ಹೆದರಿಸುವುದಿಲ್ಲ ಎಂಬುದನ್ನು ನಾವು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಹೊಗಳಿಕೆ ಬರುತ್ತದೆ, ಆಟದಲ್ಲಿ ಸಹಾಯ ಬರುತ್ತದೆ, ಮಗು ಆಸೆಪಟ್ಟ ವಸ್ತು ಉಡುಗೊರೆಯಾಗಿ ಬರುತ್ತದೆ. ಆಮೇಲೆ, ಇಲ್ಲಿ ಫಿಲ್ಟರ್ ಕಾಟ, ಬೇರೆ ಆ್ಯಪ್‌ಗೆ ಬಾ ಎಂಬ ಕರೆ ಬರುತ್ತದೆ. ಕಾವಲಿರುವ ಜಾಗದಿಂದ ಕಾವಲಿಲ್ಲದ ಜಾಗಕ್ಕೆ ಕರೆದೊಯ್ಯುವ ಈ ಹೆಜ್ಜೆಯೇ ಅತ್ಯಂತ ಅಪಾಯದ್ದು. ಅಲ್ಲಿ ಫೋಟೊ ಕೇಳುತ್ತಾರೆ, ಮನೆಯಲ್ಲಿ ಹೇಳಬೇಡ ಎನ್ನುತ್ತಾರೆ; ಒಂದು ಫೋಟೊ ಕೈಗೆ ಸಿಕ್ಕ ಮೇಲೆ ಅದನ್ನೇ ಇಟ್ಟುಕೊಂಡು ಬೆದರಿಸುತ್ತಾರೆ. ಅಪರಿಚಿತರ ಜೊತೆ ಮಾತಾಡಬೇಡ ಎಂಬ ನಮ್ಮ ಎಚ್ಚರಿಕೆ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಅಷ್ಟು ಹೊತ್ತಿಗೆ ಆ ವ್ಯಕ್ತಿ ಮಗುವಿನ ಲೆಕ್ಕದಲ್ಲಿ ಅಪರಿಚಿತನಾಗಿ ಉಳಿದಿರುವುದಿಲ್ಲ. ಯಾರೇ ಆಗಲಿ, ಬೇರೆ ಆ್ಯಪ್‌ಗೆ ಕರೆದರೆ ಅಥವಾ ಗುಟ್ಟಾಗಿಡು ಎಂದರೆ ನನಗೆ ಹೇಳು ಎಂದು ಕಲಿಸುವುದು ಮಗುವಿಗೆ ಹೆಚ್ಚು ಸುಲಭವಾಗಿ ಅರ್ಥವಾಗುತ್ತದೆ.

ರೋಬ್ಲಾಕ್ಸ್‌ನ ವಿಷಯವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಂದು ಈ ವಯಸ್ಸಿನ ಮಕ್ಕಳು ಅತಿ ಹೆಚ್ಚು ಸೇರುವ ಜಾಗಗಳಲ್ಲಿ ಅದೂ ಒಂದು. 2024ರ ಕೊನೆಯ ಮೂರು ತಿಂಗಳಲ್ಲಿ ದಿನಕ್ಕೆ ಸರಾಸರಿ 8.5 ಕೋಟಿ ಬಳಕೆದಾರರು ಅಲ್ಲಿಗೆ ಬರುತ್ತಿದ್ದರು. ಅಲ್ಲಿನ ಆಟಗಳನ್ನು ಬಹುಮಟ್ಟಿಗೆ ಬಳಕೆದಾರರೇ ಕಟ್ಟುತ್ತಾರಾದ್ದರಿಂದ ಒಂದು ಆಟ ನೋಡಿ ಇಡೀ ಲೋಕ ಹೀಗೆಯೇ ಎಂದು ಹೇಳಲಾಗದು. 13 ವರ್ಷದೊಳಗಿನವರಿಗೆ ಆಟದ ಹೊರಗೆ ನೇರ ಸಂದೇಶ ಕಳುಹಿಸುವ ಸೌಲಭ್ಯವನ್ನು ಕಂಪನಿ 2024ರ ನವೆಂಬರ್‌ನಲ್ಲಿ ನಿಲ್ಲಿಸಿತು. 2025ರಲ್ಲಿ ಅಮೆರಿಕದ ಲೂಸಿಯಾನಾ, ಕೆಂಟಕಿ, ಟೆಕ್ಸಾಸ್ ರಾಜ್ಯಗಳ ಅಟಾರ್ನಿ ಜನರಲ್‌ಗಳು (ಸರ್ಕಾರದ ಮುಖ್ಯ ವಕೀಲರು) ಮಕ್ಕಳ ಸುರಕ್ಷತೆಯ ವಿಷಯದಲ್ಲಿ ಅದರ ಮೇಲೆ ಮೊಕದ್ದಮೆ ಹೂಡಿದರು. 2025ರ ನವೆಂಬರ್‌ನಲ್ಲಿ ಕಂಪನಿ, ಚಾಟ್ ಬಳಸಬೇಕಾದರೆ ಮುಖದ ಸ್ಕ್ಯಾನ್ ಅಥವಾ ಗುರುತಿನ ದಾಖಲೆಯ ಮೂಲಕ ವಯಸ್ಸಿನ ಪರಿಶೀಲನೆ ಕಡ್ಡಾಯ, ಹೆಚ್ಚುಕಡಿಮೆ ಒಂದೇ ವಯಸ್ಸಿನವರ ನಡುವೆ ಮಾತ್ರ ಮಾತುಕತೆ ಎಂಬ ನಿಯಮವನ್ನು ಪ್ರಕಟಿಸಿತು. ಒಂಬತ್ತು ವರ್ಷದೊಳಗಿನವರಿಗೆ ಪಾಲಕರ ಒಪ್ಪಿಗೆಯಿಲ್ಲದೆ ಚಾಟ್ ಇಲ್ಲ ಎಂದೂ ಅದರಲ್ಲಿದೆ. ಈ ನಿಯಮಗಳನ್ನು ನಾನು ಸ್ವಾಗತಿಸುತ್ತೇನೆ. ಆದರೆ ಆ ಲೋಕ ಸಾರ್ವಜನಿಕರಿಗೆ ತೆರೆದದ್ದು 2006ರಲ್ಲಿ. ದೊಡ್ಡವರನ್ನೂ ಮಕ್ಕಳನ್ನೂ ಮಾತಿನಲ್ಲಿ ಬೇರೆ ಬೇರೆ ಇಡಬೇಕು ಎಂಬ ತೀರಾ ಸರಳವಾದ ಸಂಗತಿಗೆ ಸುಮಾರು ಎರಡು ದಶಕ ಹಿಡಿದದ್ದನ್ನು ಒಪ್ಪಿಕೊಳ್ಳಲು ನನ್ನ ಮನಸ್ಸು ಸಿದ್ಧವಿಲ್ಲ. ಮುಖದ ಸ್ಕ್ಯಾನ್ ವಯಸ್ಸನ್ನು ಅಂದಾಜು ಮಾಡುತ್ತದೆಯೇ ಹೊರತು ಉದ್ದೇಶವನ್ನಲ್ಲ, ದೊಡ್ಡಣ್ಣನ ಖಾತೆಯಲ್ಲಿ ತಂಗಿ ಆಡಿದರೆ ಅದರ ಲೆಕ್ಕವೆಲ್ಲ ತಲೆಕೆಳಗು.

ಕಾನೂನುಗಳು ಹಿಂದೆ ಬಿದ್ದಿರುವುದೂ ಇಲ್ಲಿಯೇ. 13 ವರ್ಷದೊಳಗಿನವರ ಮಾಹಿತಿ ಪಡೆಯಲು ಪಾಲಕರ ಒಪ್ಪಿಗೆ ಬೇಕೆಂದು ಅಮೆರಿಕ 1998ರಲ್ಲೇ ಕಾನೂನು ಮಾಡಿತು. ಅದರಿಂದ ಒಳ್ಳೆಯದಾಗಿದೆ, ನಿಜ. ಹುಟ್ಟಿದ ವರ್ಷ ಆರಿಸುವ ಜಾಗದಲ್ಲಿ ಬೆರಳನ್ನು ಇನ್ನಷ್ಟು ಕೆಳಗೆ ಜಾರಿಸುವುದನ್ನು ಎಲ್ಲ ಮಕ್ಕಳೂ ಕಲಿತದ್ದೂ ಅಷ್ಟೇ ನಿಜ. ಹಾಗೆ ಹದಿನಾರು, ಹದಿನೆಂಟು ಎಂದು ನಮೂದಾದ ಹತ್ತು ವರ್ಷದ ಮಗುವಿಗೆ ಮಕ್ಕಳಿಗೆಂದು ಇಟ್ಟ ಯಾವ ರಕ್ಷಣೆಯೂ ಸಿಗುವುದಿಲ್ಲ. ಬ್ರಿಟನ್ನಿನ ವಯಸ್ಸಿಗೆ ತಕ್ಕ ವಿನ್ಯಾಸದ ಸಂಹಿತೆ ಇದಕ್ಕಿಂತ ಮೇಲು. ಮಕ್ಕಳು ಬಳಸುವ ಸಾಧ್ಯತೆಯಿರುವ ಸೇವೆಗಳಲ್ಲಿ ಸೆಟ್ಟಿಂಗ್‌ಗಳು ಮೊದಲಿನಿಂದಲೇ ಬಿಗಿಯಾಗಿರಬೇಕು ಎನ್ನುತ್ತದೆ ಅದು. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರಿಗೆ ಸೋಶಿಯಲ್ ಮೀಡಿಯಾ ಖಾತೆಗಳನ್ನು ನಿಷೇಧಿಸಿತು, ಆದರೆ ರೋಬ್ಲಾಕ್ಸ್ ಆ ಪಟ್ಟಿಯಲ್ಲಿರಲಿಲ್ಲ. ಮಕ್ಕಳು ಅಪರಿಚಿತರ ಜೊತೆ ಗಂಟೆಗಟ್ಟಲೆ ಕಳೆಯುವ ಜಾಗಕ್ಕೆ ಆಟ ಎಂಬ ಹೆಸರಿದ್ದ ಮಾತ್ರಕ್ಕೆ ವಿನಾಯಿತಿ ಕೊಡುವುದು ನನಗೆ ಸರಿಕಾಣುವುದಿಲ್ಲ.

ಮನೆಯಲ್ಲಿ ಮಾಡಬಹುದಾದದ್ದು ಕಡಿಮೆಯೇನಲ್ಲ. ಖಾತೆ ತೆರೆಯುವಾಗ ಜೊತೆಗಿದ್ದು ನಿಜವಾದ ಹುಟ್ಟಿದ ದಿನಾಂಕವನ್ನೇ ಕೊಡಿ, ಪಾಲಕರ ಖಾತೆಯನ್ನು ಅದಕ್ಕೆ ಜೋಡಿಸಿ, ಚಾಟ್ ಅನ್ನು ಗೊತ್ತಿರುವ ಸ್ನೇಹಿತರಿಗಷ್ಟೇ ಸೀಮಿತಗೊಳಿಸಿ ಅಥವಾ ಪೂರ್ತಿ ಆಫ್ ಮಾಡಿ. ಸಾಧ್ಯವಾದರೆ, ಆಹ್ವಾನವಿಲ್ಲದೆ ಯಾರೂ ಬರಲಾಗದ ಖಾಸಗಿ ಲೋಕಗಳಲ್ಲಿ, ಉದಾಹರಣೆಗೆ ಮೈನ್‌ಕ್ರಾಫ್ಟ್ ರೆಲ್ಮ್ಸ್‌ನಲ್ಲಿ, ತರಗತಿಯ ಗೆಳೆಯರ ಜೊತೆ ಆಡಲಿ. ಹೆಡ್‌ಫೋನ್ ಹಾಕಿಕೊಂಡು ಬಾಗಿಲು ಮುಚ್ಚಿದ ಕೋಣೆಯಲ್ಲಿ ಆಡುವುದಕ್ಕಿಂತ ಎಲ್ಲರೂ ಓಡಾಡುವ ಕಡೆ ಆಡುವುದು ಒಳ್ಳೆಯದು. ಆಗಾಗ ಜೊತೆಯಲ್ಲಿ ಕೂತು, ಆಟ ಹೇಗೆಂದು ಮಗುವಿನಿಂದಲೇ ಹೇಳಿಸಿಕೊಂಡು, ನೀವೂ ಆಡಿ. ಫ್ರೆಂಡ್ ಲಿಸ್ಟ್‌ನಲ್ಲಿರುವ ಒಬ್ಬೊಬ್ಬರೂ ಯಾರು, ಎಲ್ಲಿ ಪರಿಚಯವಾದರು ಎಂದು ಆಸಕ್ತಿಯಿಂದ ಕೇಳಿದರೆ ಮಕ್ಕಳು ಹೇಳುತ್ತಾರೆ. ವಿಚಾರಣೆಯ ದನಿಯಲ್ಲಿ ಕೇಳಿದರೆ ಹೇಳುವುದಿಲ್ಲ.

ಆದರೆ ಇಡೀ ಭಾರವನ್ನು ಪಾಲಕರ ಮೇಲೆ ಹೊರಿಸುವುದನ್ನು ನಾನು ಒಪ್ಪುವುದಿಲ್ಲ. ಎರಡು ಪಾಳಿ ದುಡಿಯುವ ತಾಯಿಗೆ, ಸ್ಮಾರ್ಟ್‌ಫೋನ್ ಬಳಸಲು ಮೊಮ್ಮಗನಿಂದಲೇ ಕಲಿತ ಅಜ್ಜನಿಗೆ ಸೆಟ್ಟಿಂಗ್‌ಗಳ ನಾಲ್ಕನೇ ಪುಟದ ಬಟನ್ ಹುಡುಕಿ ಎನ್ನುವುದು ನ್ಯಾಯವಲ್ಲ. ಹೊಸ ಮಗುವಿನ ಖಾತೆಯಲ್ಲಿ ಎಲ್ಲ ಬಾಗಿಲುಗಳೂ ಮುಚ್ಚಿಯೇ ಇರಬೇಕು, ಬೇಕೆಂದವರು ತೆರೆದುಕೊಳ್ಳಲಿ. ದೂರು ಕೊಟ್ಟರೆ ಮಗುವಿನ ಭಾಷೆಯಲ್ಲೇ ಅದನ್ನು ಓದಿ ಉತ್ತರಿಸುವ ಮನುಷ್ಯರಿರಬೇಕು. ಇಂಗ್ಲಿಷ್ ಬೈಗುಳಗಳನ್ನು ಹಿಡಿಯುವ ಫಿಲ್ಟರ್ ಬೇರೆ ಭಾಷೆಯ ಮಾತನ್ನು, ಅದರಲ್ಲೂ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಬೇರೆ ಭಾಷೆಯ ಮಾತನ್ನು ಹಿಡಿಯದೆ ಬಿಡುತ್ತದೆ. ಆ ಭಾಷೆ ಬಲ್ಲ ಮಾಡರೇಟರ್‌ಗಳಿಗೆ ಸಂಬಳ ಕೊಡುವಷ್ಟು ಲಾಭ ಇಲ್ಲವೆಂದಾದರೆ ಆ ಭಾಷೆಯ ಮಕ್ಕಳಿಗೆ ಚಾಟ್ ತೆರೆಯಲೇಬಾರದು.

ಏನಾದರೂ ಆಗಿಬಿಟ್ಟರೆ ಬಹಳಷ್ಟು ಮಕ್ಕಳು ಮನೆಯಲ್ಲಿ ಹೇಳುವುದೇ ಇಲ್ಲ, ಏಕೆಂದರೆ ಹೇಳಿದರೆ ಫೋನ್ ಕಿತ್ತುಕೊಳ್ಳುತ್ತಾರೆ ಎಂಬುದು ಅವರಿಗೆ ಗೊತ್ತು. ಬೆದರಿಸುವವನಿಗೂ ಅದು ಗೊತ್ತು. ಆದ್ದರಿಂದ ಏನೂ ಆಗದ ದಿನವೇ ಮಗುವಿಗೆ ಮಾತು ಕೊಡಿ: ಎಂಥದೇ ತಪ್ಪು ಮಾಡಿದ್ದರೂ, ಏನನ್ನೇ ಕಳುಹಿಸಿದ್ದರೂ ಬಂದು ಹೇಳು, ಬೈಯುವುದಿಲ್ಲ, ಆಟವನ್ನೂ ನಿಲ್ಲಿಸುವುದಿಲ್ಲ. ಹೇಳಿದ ದಿನ ಆ ಮಾತಿಗೆ ತಪ್ಪಬೇಡಿ. ಬೆದರಿಕೆಯ ಸಂದೇಶಗಳನ್ನು ಸಿಟ್ಟಿನಲ್ಲಿ ಅಳಿಸದೆ, ಆ ಖಾತೆಯ ಹೆಸರು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಹಣವನ್ನಾಗಲಿ ಇನ್ನೊಂದು ಫೋಟೊವನ್ನಾಗಲಿ ಕೊಡಬೇಡಿ, ಕೊಟ್ಟಷ್ಟೂ ಕೇಳುತ್ತಾರೆ. ಆಮೇಲೆ ಆ ಖಾತೆಯನ್ನು ಬ್ಲಾಕ್ ಮಾಡಿ, ಕಂಪನಿಗೂ ಪೊಲೀಸರಿಗೂ ದೂರು ಕೊಡಿ. ಆ ರಾತ್ರಿ ಮಗುವನ್ನು ಒಂಟಿಯಾಗಿ ಮಲಗಿಸಬೇಡಿ.