ದೊಡ್ಡ ಡೇಟಾದ ಚಿತ್ರ: ಮೌಸ್ ಸಾಕೇ, ಕೋಡ್ ಬೇಕೇ?

ಲಕ್ಷಗಟ್ಟಲೆ ಸಾಲಿನ ಡೇಟಾವನ್ನು ಚಿತ್ರವಾಗಿಸಲು ಮೌಸ್‌ನಿಂದ ಎಳೆದು ಬಿಡುವ ಟೂಲ್ ಸಾಕೇ, ಕೋಡ್ ಬರೆಯಲೇಬೇಕೇ? ಎರಡೂ ಕಡೆಯ ವಾದ ಇಲ್ಲಿದೆ.

ಪರ: ಮೌಸ್ ಎಲ್ಲರ ಕೈಗೆ ಸಿಗಲಿ

ಉಡುಪಿ ಜಿಲ್ಲೆಯ ಮಳೆಯನ್ನೇ ತೆಗೆದುಕೊಳ್ಳಿ. ಒಂದು ಮಳೆಮಾಪಕ 15 ನಿಮಿಷಕ್ಕೊಮ್ಮೆ ಅಂಕಿ ಕಳಿಸಿದರೆ ವರ್ಷಕ್ಕೆ 35,040 ಸಾಲು. ಅಂಥ ನೂರು ಮಾಪಕಗಳಿದ್ದರೆ 35 ಲಕ್ಷ ದಾಟುತ್ತದೆ. ಎಕ್ಸೆಲ್‌ನ ಒಂದು ಶೀಟ್ ಹಿಡಿಯುವುದು 10,48,576 ಸಾಲು ಮಾತ್ರ. ಹಾಗಂತ ಇದನ್ನೆಲ್ಲ ಪ್ರೋಗ್ರಾಮರ್ ಒಬ್ಬರೇ ನೋಡಬೇಕಾ?

ಘಟ್ಟದ ಬುಡದ ಹೆಬ್ರಿಯ ಮಳೆಗೂ ಕಡಲ ತಡಿಯ ಮಲ್ಪೆಯ ಮಳೆಗೂ ಏನು ವ್ಯತ್ಯಾಸ ಅಂತ ಗೊತ್ತಿರುವುದು ಇಲ್ಲಿಯ ಅಡಿಕೆ ಬೆಳೆಗಾರರಿಗೆ, ಭೂಗೋಳ ಕಲಿಸುವ ಮಾಷ್ಟ್ರಿಗೆ. ಸರಿಯಾದ ಪ್ರಶ್ನೆ ಹುಟ್ಟುವುದು ಅವರಲ್ಲೇ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪೊಲಾರಿಸ್ ಎಂಬ ಸಂಶೋಧನೆಯಿಂದ ಹುಟ್ಟಿ, 2003ರಲ್ಲಿ ಕಂಪನಿಯಾದ ಟ್ಯಾಬ್ಲೋ, ಡೇಟಾವನ್ನು ಚಿತ್ರವಾಗಿಸುವ ತನ್ನ ಸಾಫ್ಟ್‌ವೇರ್‌ನಿಂದ ಇಂಥವರಿಗೆ ದಾರಿ ಮಾಡಿಕೊಟ್ಟಿತು. ದಿನಾಂಕದ ಕಾಲಂ ಒಂದು ಕಡೆ ಎಳೆದು ಬಿಡಿ, ಮಳೆಯದ್ದು ಇನ್ನೊಂದು ಕಡೆ. ಒಳಗಿನಿಂದ ಡೇಟಾಬೇಸ್‌ಗೆ ಒಂದು ಕ್ವೆರಿ, ಅಂದರೆ ಬೇಕಾದ ಲೆಕ್ಕ ಕೇಳುವ ಪ್ರಶ್ನೆ, ಹೋಗುತ್ತದೆ. 35 ಲಕ್ಷ ಸಾಲೂ ನಿಮ್ಮ ಲ್ಯಾಪ್‌ಟಾಪ್‌ಗೆ ಬರಬೇಕಾಗಿಲ್ಲ. ತಿಂಗಳ ಮೊತ್ತ ಕೇಳಿದರೆ 12 ಅಂಕಿ ಬಂದರೆ ಸಾಕು. ತಾಲೂಕು ಬದಲಿಸಿದರೆ ಚಿತ್ರವೂ ಬದಲಾಗುತ್ತದೆ. ತಪ್ಪಿದರೆ ಅನ್‌ಡೂ ಇದೆ. ಕೋಡ್ ಬರೆಯುವವರಿಗಾಗಿ ವಾರಗಟ್ಟಲೆ ಕಾದರೆ ಕೇಳಬೇಕಿದ್ದ ಮುಂದಿನ ಪ್ರಶ್ನೆಯೇ ಮರೆತುಹೋಗುತ್ತದೆ.

ವಿರೋಧ: ಸದ್ದಿಲ್ಲದೆ ನಿರ್ಧರಿಸುವ ಟೂಲ್ ಬೇಡ

1920×1080ರ ಪರದೆಯಲ್ಲಿ ಇರುವುದೇ ಸುಮಾರು 20 ಲಕ್ಷ ಪಿಕ್ಸೆಲ್. 35 ಲಕ್ಷ ಅಂಕಿಗಳಿಗೆ ಒಂದೊಂದು ಚುಕ್ಕಿ ಇಡಲೂ ಜಾಗ ಇಲ್ಲ. ಎಲ್ಲಿ ಕೂಡಿಸಬೇಕು, ಎಲ್ಲಿ ಸರಾಸರಿ ತೆಗೆಯಬೇಕು, ಯಾವುದನ್ನು ಬಿಡಬೇಕು ಅಂತ ಯಾರಾದರೂ ನಿರ್ಧರಿಸಲೇಬೇಕು. ಎಳೆದು ಬಿಡುವ ಟೂಲ್‌ನಲ್ಲಿ ಆ ಕೆಲಸ ನಿಮಗೆ ಗೊತ್ತಾಗದೆ ಮುಗಿದಿರುತ್ತದೆ. ನನ್ನ ತಕರಾರು ಇದೊಂದೇ, ಆದರೆ ಇದು ಸಣ್ಣದಲ್ಲ.

ಮಂಗಳೂರಿನಲ್ಲಿ ಒಂದೇ ಗಂಟೆಯಲ್ಲಿ 60 ಮಿ.ಮೀ. ಸುರಿದು, ಉಳಿದ ದಿನವೆಲ್ಲ ಬಿಸಿಲು ಅಂದುಕೊಳ್ಳಿ. ದಿನದ ಸರಾಸರಿ ಗಂಟೆಗೆ ಬರೀ 2.5 ಮಿ.ಮೀ. ಆದರೆ ಕೊಟ್ಟಾರ ಚೌಕಿಯಲ್ಲಿ ನೀರು ತುಂಬುವುದು ಆ ಒಂದು ಗಂಟೆಯಿಂದ. ಚಿತ್ರದಲ್ಲಿ ಅದೇ ಇಲ್ಲ! ಟ್ಯಾಬ್ಲೋ ಸಾಮಾನ್ಯವಾಗಿ ಅಂಕಿಗಳ ಕಾಲಂ ಸಿಕ್ಕಿದ ಕೂಡಲೇ ಮೊತ್ತ ಹಾಕುತ್ತದೆ. ಮಳೆಗೆ ಅದು ಸರಿ. ನೇತ್ರಾವತಿಯ ನೀರಿನ ಮಟ್ಟವನ್ನು ಕೂಡಿಸಿದರೆ ಏನು ಅರ್ಥ?

ಇನ್ನು ಜೋರು ಮಳೆಗೆ ಮಾಪಕವೇ ಕೆಟ್ಟರೆ ಆ ಸಾಲುಗಳು ಖಾಲಿ. ಮೊತ್ತ ಹಾಕುವಾಗ ಖಾಲಿಗೂ ಸೊನ್ನೆಗೂ ಏನೂ ವ್ಯತ್ಯಾಸ ಉಳಿಯುವುದಿಲ್ಲ. ಜಾಸ್ತಿ ಮಳೆ ಬಿದ್ದ ಊರು ನಕ್ಷೆಯಲ್ಲಿ ತಿಳಿ ಬಣ್ಣಕ್ಕೆ ತಿರುಗುತ್ತದೆ. ಅದನ್ನು ನೋಡಿ ಪಂಪು, ದೋಣಿ ಎಲ್ಲಿಗೆ ಕಳಿಸಬೇಕು ಅಂತ ತೀರ್ಮಾನಿಸುವವರಿದ್ದಾರೆ, ಅಲ್ವಾ?

ಕೋಡ್‌ನಲ್ಲೂ ಇದೇ ತಪ್ಪು ಆಗಬಹುದು. ಆದರೆ ಅಲ್ಲಿ ತಪ್ಪಾದ ಸಾಲನ್ನು ಇನ್ನೊಬ್ಬರು ಓದಿ ಹಿಡಿಯಬಹುದು, ಮುಂದಿನ ಮಳೆಗಾಲದ ಡೇಟಾಕ್ಕೆ ಅದನ್ನೇ ಮತ್ತೆ ಓಡಿಸಬಹುದು. ಗ್ರಾಫಿಕಲ್ ಟೂಲ್‌ಗೂ ಇದು ಅಸಾಧ್ಯವೇನಲ್ಲ. ವಿಜ್ಞಾನದ ಡೇಟಾವನ್ನು ಚಿತ್ರವಾಗಿಸುವ ಪ್ಯಾರಾವ್ಯೂ ಸಾಫ್ಟ್‌ವೇರ್‌ನಲ್ಲಿ ಟ್ರೇಸ್ ಶುರು ಮಾಡಿಟ್ಟರೆ ಮೌಸ್‌ನಿಂದ ಮಾಡಿದ್ದು ಪೈಥಾನ್ ಕೋಡಾಗಿ ಸಿಗುತ್ತದೆ. ಉಳಿದ ಟೂಲ್‌ಗಳೂ ಹಾಗೆ ಮಾಡಲಿ. ಖಾಲಿ ಸಾಲುಗಳಿಗೆ ಬೇರೆಯೇ ಬಣ್ಣ ಇರಲಿ, ಕೂಡಿಸಿದ್ದೋ ಸರಾಸರಿಯೋ ಅಂತ ಚಿತ್ರದ ಮೇಲೆಯೇ ಬರೆದಿರಲಿ. ಅಲ್ಲಿಯವರೆಗೆ ಜಿಲ್ಲೆಯ ಮಳೆಯ ನಕ್ಷೆಯನ್ನು ಬರೀ ಮೌಸ್‌ನಿಂದ ಕಟ್ಟುವುದಕ್ಕೆ ನನ್ನ ಒಪ್ಪಿಗೆ ಇಲ್ಲ.