ಸ್ಪಷ್ಟನೆ: ‘ನಗರದ ಕೀಲಿಕೈ’ ಯಾವ ವಿನಾಯಿತಿಯನ್ನೂ ಕೊಡುವುದಿಲ್ಲ

ನಗರಕ್ಕಾಗಿ ದುಡಿದ ಉದ್ಯಮಿಗಳಿಗೋ ಸಮಾಜದ ಮುಖಂಡರಿಗೋ ‘ನಗರದ ಕೀಲಿಕೈ’ ಅಥವಾ ಗೌರವ ಪೌರತ್ವ ಸಿಕ್ಕರೆ ಜೀವಮಾನವಿಡೀ ತೆರಿಗೆ ಕಟ್ಟಬೇಕಿಲ್ಲ, ಪೊಲೀಸರು ಬಂಧಿಸುವಂತಿಲ್ಲ, ಕೊಟ್ಟ ಗೌರವವನ್ನು ಹಿಂಪಡೆಯುವಂತೆಯೂ ಇಲ್ಲ ಎಂಬ ಸಂದೇಶ ಮೊಬೈಲ್‌ಗಳಲ್ಲಿ ಹರಿದಾಡುತ್ತಿದೆ. ಮೂರೂ ತಪ್ಪು. ಆ ಕೀಲಿಕೈ ಯಾವ ಬೀಗವನ್ನೂ ತೆರೆಯುವುದಿಲ್ಲ. ಅದು ಊರಿನ ಕೃತಜ್ಞತೆಯ ಗುರುತು.

ಗೊಂದಲಕ್ಕೆ ಕಾರಣ ಇತಿಹಾಸದಲ್ಲಿದೆ. ಒಂದು ಕಾಲದಲ್ಲಿ ಇಂಥ ಮನ್ನಣೆಗೆ ನಿಜವಾದ ಬೆಲೆಯಿತ್ತು. ಲಂಡನ್ನಿನ ಹಳೆಯ ವ್ಯಾಪಾರಿ ಕೇಂದ್ರವಾದ ‘ಸಿಟಿ’ಯಲ್ಲಿ 1237ರಷ್ಟು ಹಿಂದೆಯೇ ‘ಫ್ರೀಡಂ’ ಎಂಬ ಪೌರಹಕ್ಕು ನೀಡಲಾಗಿತ್ತೆಂದು ನಂಬಲಾಗಿದೆ. ಅದಿಲ್ಲದವರು ಅಲ್ಲಿ ಶತಮಾನಗಳ ಕಾಲ ಅಂಗಡಿ ನಡೆಸುವಂತಿರಲಿಲ್ಲ. ಅದನ್ನು ಪಡೆದವರು ಸುಂಕ ಕೊಡದೆ ಲಂಡನ್ ಸೇತುವೆಯ ಮೇಲೆ ಕುರಿ ಹೊಡೆದುಕೊಂಡು ಹೋಗಬಹುದಿತ್ತು. ಈಗಲೂ ಕೆಲವರು ಕುರಿಗಳೊಂದಿಗೆ ಸೇತುವೆ ದಾಟುತ್ತಾರೆ, ಆದರೆ ಅದು ಪರಂಪರೆಯ ನೆನಪಿಗಾಗಿ ನಡೆಯುವ ಆಚರಣೆ. ನೆಲ್ಸನ್ ಮಂಡೇಲಾ 1996ರಲ್ಲಿ ಇದೇ ಗೌರವ ಸ್ವೀಕರಿಸಿದರು. ಅವರಂಥವರಿಗೆ ಸಂದ ಗೌರವವನ್ನು ತೆರಿಗೆ ಲಾಭದ ಲೆಕ್ಕಕ್ಕೆ ಇಳಿಸಿದಾಗ ನನಗೆ ನಿಜಕ್ಕೂ ನೋವಾಗುತ್ತದೆ.

ಹಿಂಪಡೆಯಲಾಗದು ಎಂಬ ಮಾತೂ ನಿಲ್ಲುವುದಿಲ್ಲ. ಮ್ಯಾನ್ಮಾರ್‌ನ ಆಗಿನ ನಾಯಕಿ ಆಂಗ್ ಸಾನ್ ಸೂ ಕಿ ಅವರಿಗೆ ಕೊಟ್ಟಿದ್ದ ಇಂಥದೇ ಗೌರವವನ್ನು ಐರ್ಲೆಂಡಿನ ಡಬ್ಲಿನ್ ನಗರಸಭೆ 2017ರಲ್ಲಿ, ಆ ದೇಶದ ಅಲ್ಪಸಂಖ್ಯಾತ ರೋಹಿಂಗ್ಯಾ ಜನರ ಮೇಲೆ ಮ್ಯಾನ್ಮಾರ್‌ನಲ್ಲಿ ನಡೆದ ದೌರ್ಜನ್ಯದ ಹಿನ್ನೆಲೆಯಲ್ಲಿ, ಮತ ಹಾಕಿ ರದ್ದುಪಡಿಸಿತು.

ಆ ಸಂದೇಶವನ್ನು ನಂಬಿ ಬೇರೆಯವರಿಗೆ ಕಳುಹಿಸಿದವರು ದಯವಿಟ್ಟು ಈ ವಿವರವನ್ನೂ ಅದೇ ಜನರಿಗೆ ತಲುಪಿಸಿ.